ಗಿರಿಜ ಹೂಂ ಅಂದಿದ್ದಳು

ನನ್ನ ತಂಗಿ ಗಿರಿಜ ಆ ಮದುವೆಗೆ ಒಪ್ಪಿದ್ದಳು. ಒಪ್ಪಲಿಲ್ಲ ಎಂದು ಹೇಳಿದವಳು ನಾನು.

ಇದನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನೀವು ಕೇಳಬಹುದು. ಬರೆಯುವುದಿರಲಿ, ನನಗೆ ನಾನೇ ಹೇಳಿಕೊಂಡಿರಲಿಲ್ಲ. ನಾನು ಓದಿದ್ದು ತೊಗರ್ಸಿಯ ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ. ಅಕ್ಷರ ಸೊಟ್ಟ, ಒತ್ತು ಬಿಟ್ಟುಹೋಗುತ್ತದೆ. ತಿದ್ದುವವರು ಅದನ್ನು ತಿದ್ದಿಕೊಳ್ಳಲಿ. ಸಂಗತಿಯನ್ನು ಮಾತ್ರ ಯಾರೂ ತಿದ್ದಬಾರದು.

ಬರೆಯಲು ಕೂರಿಸಿದ್ದು ದುಃಖವಲ್ಲ, ಸಂತೋಷ. ಹೋದ ವಾರ ನನ್ನ ಮೊಮ್ಮಗಳು ಸುಮಳ ಮದುವೆ ಗೊತ್ತಾಯಿತು. ಸುಮ ನನ್ನ ಮಗನ ಮಗಳು. ಗಿರಿಜಳ ಹಾಗೆಯೇ ಹುಟ್ಟಿದಾಗಿನಿಂದ ಕಿವಿ ಕೇಳದವಳು. ಆದರೆ ಶಿವಮೊಗ್ಗದಲ್ಲಿ ಅಂಥ ಮಕ್ಕಳ ಶಾಲೆಯಲ್ಲಿ ಓದಿದಳು, ಕೈಮಾತು ಕಲಿತಳು, ಬಾಯಿಂದಲೂ ನಾಲ್ಕು ಮಾತು ಆಡುತ್ತಾಳೆ. ಗೊತ್ತಾದ ಹುಡುಗನಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಅವನ ಅಣ್ಣ ಸುಮಳ ಜೊತೆ ಓದಿದವನು, ಆ ಅಣ್ಣನಿಂದ ಇವನೂ ಕೈಮಾತು ಕಲಿತಿದ್ದಾನೆ. ಅವತ್ತು ನನಗಾದ ಖುಷಿ ಎಷ್ಟೆಂದರೆ, ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಸಕ್ಕರೆ ಕೊಟ್ಟೆ. ಬಾಳೆಕಾಯಿ ಮಾರುವವನಿಗೆ ಎರಡು ಸಲ ಕೊಟ್ಟೆನಂತೆ. ಅವನು ಎರಡನೆಯ ಸಲವೂ ಸುಮ್ಮನೆ ಬಾಯಿಗೆ ಹಾಕಿಕೊಂಡು ಹೋದನಂತೆ. ಕೂತರೆ ನಿಲ್ಲಬೇಕು ಅನ್ನಿಸುತ್ತಿತ್ತು, ನಿಂತರೆ ಯಾರನ್ನಾದರೂ ತಬ್ಬಿಕೊಳ್ಳಬೇಕು.

ಪಡಸಾಲೆಯಲ್ಲಿ ಆ ಹುಡುಗ ಸುಮಳಿಗೆ ಕೈಯಲ್ಲೇ ಏನೋ ಕೇಳಿದ. ಅವಳು ಕೈಯಲ್ಲೇ ಉತ್ತರ ಕೊಟ್ಟಳು. ಅವನು ನಕ್ಕ, ಅವಳು ನಕ್ಕಳು. ಬಾಗಿಲ ಹತ್ತಿರ ಕೂತಿದ್ದ ಗಿರಿಜಳೂ, ಅವಳಿಗೆ ಎಷ್ಟು ತಿಳಿಯಿತೋ, ಗಟ್ಟಿಯಾಗಿ ನಕ್ಕಳು. ಒಬ್ಬರಾದರೂ ನನ್ನ ಕಡೆ ತಿರುಗಿ “ಏನಂತಾಳೆ?” ಎಂದು ಕೇಳಲಿಲ್ಲ.

ಆಗ ನನ್ನ ಮೈ ಜೋಮು ಹಿಡಿಯಿತು. ಸಂತೋಷ ಹೋಗಲಿಲ್ಲ, ಅದು ಅಲ್ಲೇ ಇತ್ತು — ಆದರೆ ಬೇರೆ ಯಾರದೋ ಮೈಯಲ್ಲಿರುವ ಹಾಗೆ. ಇವತ್ತಿಗೂ ಹಾಗೇ ಇದೆ. ಸೂಜಿ ಚುಚ್ಚಿದರೆ ಗೊತ್ತಾಗಲಿಕ್ಕಿಲ್ಲ.

ಹಿಂದಿನದನ್ನು ಹೇಳುತ್ತೇನೆ.

ಅಪ್ಪ ಅವ್ವ ಒಬ್ಬರ ಹಿಂದೊಬ್ಬರು ಹೋದ ಮೇಲೆ ಗಿರಿಜ ತೊಗರ್ಸಿ ಬಿಟ್ಟು ನನ್ನ ಗಂಡನ ಮನೆಗೆ ಬಂದಳು. ನಮ್ಮೂರು ಉಡುತಡಿಗೆ ಅಂಟಿಕೊಂಡ ಹಳ್ಳಿ. ಬೇಸಾಯದ ಮನೆ, ಹತ್ತಾರು ಜನ, ಎಮ್ಮೆ ಎತ್ತು. ಬಂದವಳು ಎರಡು ದಿನ ಮೂಲೆಯಲ್ಲಿ ಕೂತಳು. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡವಳು ಮತ್ತೆ ಕೂರಲಿಲ್ಲ. ನನ್ನ ಮಗ ಆಗ ಅಂಬೆಗಾಲಿಡುತ್ತಿದ್ದ. ಅವನು ನನ್ನ ಹಾಲು ಕುಡಿಯುತ್ತಿದ್ದ ಅಷ್ಟೆ. ಮಿಕ್ಕಿದ್ದಕ್ಕೆಲ್ಲ ಅವಳೇ.

ನಮ್ಮಿಬ್ಬರ ಕೈಮಾತನ್ನು ಯಾರೂ ಕಲಿಸಿದ್ದಲ್ಲ. ಚಿಕ್ಕವರಿದ್ದಾಗಿನಿಂದ ನಾವೇ ಕಟ್ಟಿಕೊಂಡದ್ದು. ನಾಲಗೆಗೆ ಬೆರಳ ತುದಿ ತಾಗಿಸಿದರೆ ಉಪ್ಪು. ಹಣೆಯ ಮೇಲೆ ಬೆರಳು ಬಾಗಿಸಿದರೆ ಎಮ್ಮೆ. ನಮ್ಮ ಮಾವನವರಿಗೆ ಸೊಂಟ ಕೆರೆದುಕೊಳ್ಳುವ ಗುರುತು; ಅವರ ಎದುರಿಗೇ ಮಾಡುತ್ತಿದ್ದಳು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಕೊರಳ ಸುತ್ತ ಬೆರಳಿನಿಂದ ದಾರದ ಹಾಗೆ ಗೆರೆ ಎಳೆದು, ಹಿಂದೆ ಹೆಡಕಿನ ಮೇಲೆ ಗಂಟು ಹಾಕಿದಂತೆ ಮಾಡಿದರೆ ತಾಳಿ, ಅಂದರೆ ಮದುವೆ. ಅದೇ ಗೆರೆ ಎಳೆದು ಎದೆಯ ಮೇಲೆ ಕೈ ಇಟ್ಟರೆ ಲಿಂಗ — ನಮ್ಮವರೆಲ್ಲ ದಾರದಲ್ಲಿ ಕಟ್ಟಿ ಎದೆಯ ಮೇಲೆ ಧರಿಸುವ ಲಿಂಗ. ಗೆರೆ ಒಂದೇ. ಕೈ ಎಲ್ಲಿಗೆ ಹೋಗಿ ಬರುತ್ತದೆ ಎನ್ನುವುದರಲ್ಲಿ ಎರಡೂ ಬೇರೆ. ಈ ವ್ಯತ್ಯಾಸ ಭೂಮಿಯ ಮೇಲೆ ಇಬ್ಬರಿಗೆ ಗೊತ್ತಿತ್ತು.

ಊರೂರಲ್ಲಿ ಹೊಸ ಪೈಸೆಯ ಗಲಿಬಿಲಿ ಇದ್ದ ಕಾಲ ಅದು. ಮೈಸೂರು ರಾಜ್ಯ ದೊಡ್ಡದಾದ ಹೊಸತು. ನನ್ನ ನಾದಿನಿಯನ್ನು ಸೊರಬಕ್ಕೆ ಕೊಟ್ಟಿದ್ದರು. ಅವಳ ಬಾಣಂತನಕ್ಕೆ ನಾನೂ ಗಿರಿಜಳೂ ಹೋಗಿದ್ದೆವು. ಬಸ್ ಸ್ಟ್ಯಾಂಡಿನ ಎದುರು ರುದ್ರಪ್ಪ ಎನ್ನುವ ದರ್ಜಿ ಒಂದು ಜಗಲಿಯ ಮೇಲೆ ಮಿಷನ್ ಇಟ್ಟುಕೊಂಡಿದ್ದ. ನಮ್ಮ ಪೈಕಿಯವನೇ, ತಂದೆ ತಾಯಿ ಇಲ್ಲ, ಸೋದರತ್ತೆಯ ಮನೆಯಲ್ಲಿ ಬೆಳೆದವನು. ಕುಪ್ಪಸ ಹೊಲಿಸಬೇಕೆಂದು ಇಬ್ಬರೂ ಹೋದೆವು.

ಅವನ ಬಾಯಿತುಂಬ ಗುಂಡುಸೂಜಿ. ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡಿದ್ದ. ಹಾಗಾಗಿ ಮಾತಿಲ್ಲ, ತೋಳು ಎಷ್ಟುದ್ದ ಬೇಕು ಎಂದು ತನ್ನ ತೋಳಿನ ಮೇಲೆ ಬೆರಳಿಟ್ಟು ಕೇಳಿದ. ಗಿರಿಜ ತನ್ನ ತೋಳಿನ ಮೇಲೆ ಬೆರಳಿಟ್ಟು ಹೇಳಿದಳು. ಕೊರಳು ದುಂಡಗೋ ಚೌಕವೋ ಎಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ಅವಳು ಗಾಳಿಯಲ್ಲಿ ದುಂಡಗೆ ಬರೆದಳು. ಅವನು ಹುಬ್ಬೇರಿಸಿದರೆ ಇವಳೂ ಹುಬ್ಬೇರಿಸುತ್ತಿದ್ದಳು. ಅವನಿಗೆ ರೇಗಿತು. ಸೂಜಿಗಳನ್ನೆಲ್ಲ ಅಂಗೈಗೆ ಉಗಿದುಕೊಂಡು,

“ಏನಮ್ಮ, ನನ್ನ ಅಣಕಿಸ್ತೀಯಾ?” ಎಂದ.

“ಅಣಕಿಸ್ತಿಲ್ರೀ, ಅವಳಿಗೆ ಕಿವಿ ಕೇಳಲ್ಲ,” ಎಂದೆ ನಾನು.

ಅವನು ಅವಳನ್ನು ನೋಡಿದ. ಅಯ್ಯೋ ಪಾಪ ಅನ್ನಲಿಲ್ಲ. ಸೂಜಿಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಬಾಯಿಗೆ ಇಟ್ಟುಕೊಂಡ. ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ, ಕೈಯಲ್ಲೇ, ಬೆನ್ನಿನ ಕಡೆ ಗುಂಡಿಯೋ ಮುಂದಿನ ಕಡೆಯೋ ಎಂದು ಕೇಳಿದ.

ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ನನಗೆ ಅಲ್ಲಿ ಕೆಲಸವಿರಲಿಲ್ಲ.

ಸೊರಬದಲ್ಲಿದ್ದಷ್ಟು ದಿನ ಅವಳ ಕುಪ್ಪಸ ಒಂದಲ್ಲ ಒಂದು ಕಡೆ ಬಿಗಿಯಾಗುತ್ತಿತ್ತು, ಸಡಿಲವಾಗುತ್ತಿತ್ತು. ನಾದಿನಿ ಬಾಣಂತಿ ಕೋಣೆಯಿಂದಲೇ ನಗುತ್ತಿದ್ದಳು. “ಅತ್ತಿಗೆ, ನಿನ್ ತಂಗಿ ಒಂದ್ ವಾರದಾಗೆ ಎಷ್ಟ್ ಸಲ ದಪ್ಪ ಆಗ್ತಾಳೆ, ಎಷ್ಟ್ ಸಲ ಸಣ್ಣ ಆಗ್ತಾಳೆ?”

ನಾವು ಊರಿಗೆ ಬಂದ ಮೇಲೆ, ಬಿತ್ತನೆ ಮುಗಿದ ಹೊತ್ತಿಗೆ, ರುದ್ರಪ್ಪ ತನ್ನ ಸೋದರತ್ತೆಯನ್ನು ಕರೆದುಕೊಂಡು ನಮ್ಮ ಮನೆಗೇ ಬಂದ. ಹೆಣ್ಣು ಕೇಳಲು. ಕಿವಿ ಕೇಳದ ಹುಡುಗಿಯನ್ನು, ಕೇಳುವುದಿಲ್ಲವೆಂದು ಗೊತ್ತಿದ್ದೇ, ಕೇಳಿಕೊಂಡು ಬಂದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಆಮೇಲೂ ಇಲ್ಲ.

ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಮಾವನವರು, ನಮ್ಮ ಮನೆಯವರು, ಊರಿನ ಅಯ್ನೋರು — ನಮ್ಮ ಮನೆಗಳ ಪೂಜೆ ಮದುವೆ ಎಲ್ಲ ಮಾಡಿಸುವ ಹಿರಿಯರು. ಸೋದರತ್ತೆ ಬಾಯಿ ಜೋರಿನ ಹೆಂಗಸು. “ಇವನ್ಗೆ ಏನ್ ಕೇಳಿದ್ರೂ ಹೂಂ ಇಲ್ಲ ಉಹೂಂ ಇಲ್ಲ, ಯಾವಾಗ್ಲೂ ಬಾಯಾಗೆ ಸೂಜಿ. ಮಾತಾಡೋ ಹೆಣ್ತಿ ಬಂದ್ರೆ ಗ್ವಾಡೆ ಜೊತಿಗೆ ಸಂಸಾರ ಮಾಡ್ದಂಗೆ. ಇದೇ ಜೋಡಿ ಸರಿ ಬಿಡ್ರಿ,” ಎಂದಳು. ಎಲ್ಲರೂ ನಕ್ಕರು. ಮಾವನವರೂ ನಕ್ಕರು. ಕೆಲಸ ಆದ ಹಾಗೆಯೇ ಇತ್ತು.

ಅಯ್ನೋರು ಮಾತ್ರ ಕ್ರಮ ಬಿಡುವವರಲ್ಲ. “ಹುಡುಗಿ ಮನಸ್ಸು ಕೇಳಬೇಕು. ಅವಳ ಬಾಯಿಂದ ಬರಬೇಕು,” ಎಂದರು.

“ಬಾಯಿ ಬರದೋಳ ಬಾಯಿಂದ ಹೆಂಗ್ ಬರುತ್ತೆ ಅಯ್ನೋರೆ?” ಎಂದಳು ಸೋದರತ್ತೆ.

“ಅಕ್ಕನ ಬಾಯಿಂದ ಬರ್ಲಿ,” ಎಂದರು.

ನಾನು ಗಿರಿಜಳನ್ನು ಕರೆದು ತಂದೆ. ರುದ್ರಪ್ಪನನ್ನು ತೋರಿಸಿ, ಕೊರಳ ಸುತ್ತ ಗೆರೆ ಎಳೆದು, ಗಂಟು ಹಾಕಿ, ಹೌದೋ ಅಲ್ಲವೋ ಎಂದು ಕೇಳಿದೆ. ಅದನ್ನು ಸರಿಯಾಗಿಯೇ ಕೇಳಿದೆ. ಅವಳು ಅವನ ಕಡೆ ನೋಡಲಿಲ್ಲ. ನನ್ನ ಕಣ್ಣನ್ನೇ ನೋಡಿದಳು. ಬೆರಳಿನಿಂದ ಕೊರಳ ಸುತ್ತ ಗೆರೆ ಎಳೆದಳು. ಕೈ ಹೆಡಕಿಗೆ ಹೋಯಿತು. ಜಡೆಯ ಕೆಳಗೆ, ಸೆರಗಿನ ಒಳಗೆ, ಗಂಟು ಹಾಕಿದಳು. ಒಂದಲ್ಲ, ತಾಳಿಗೆ ಹಾಕುವಷ್ಟೂ ಗಂಟು, ನಿಧಾನವಾಗಿ. ಆಮೇಲೆ ನಾಚಿಕೆಗೋ, ಎದೆ ಹೊಡೆದುಕೊಳ್ಳುತ್ತಿತ್ತೋ, ಆ ಕೈಯನ್ನು ತಂದು ಎದೆಯ ಮೇಲೆ ಇಟ್ಟುಕೊಂಡಳು.

ಕೂತವರಿಗೆ ಕಂಡಿದ್ದು ಕೊರಳ ಗೆರೆ ಮತ್ತು ಎದೆಯ ಮೇಲಿನ ಕೈ. ಗಂಟು ಕಂಡಿದ್ದು ಪಕ್ಕದಲ್ಲೇ ನಿಂತಿದ್ದ ನನಗೊಬ್ಬಳಿಗೆ.

“ಏನಂತಾಳ ನೋಡವ್ವ?” ಎಂದರು ಮಾವನವರು.

ಎಲ್ಲರೂ ನನ್ನ ಕಡೆ ತಿರುಗಿದರು. ಆ ಮನೆಯಲ್ಲಿ ನಾನು ಸೊಸೆ. ಉಪ್ಪು ಜಾಸ್ತಿಯಾದಾಗ ಬಿಟ್ಟರೆ ನನ್ನ ಹೆಸರು ಎತ್ತಿದವರಿಲ್ಲ. ಗಿರಿಜ ಏನು ಹೇಳುತ್ತಾಳೆ ಎಂದು ಕೇಳಲು ಮಾತ್ರ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು — ಮಾವ, ಗಂಡ, ಅಯ್ನೋರು ಕೂಡ.

“ಲಿಂಗಾನೇ ನನ್ ಗಂಡ ಅಂತಾಳೆ,” ಎಂದೆ.

ಅಷ್ಟೇ.

ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ನಗುತ್ತಿದ್ದರು, ಸರಿಯಾಗಿ ಕೇಳು ಎನ್ನುತ್ತಿದ್ದರು. ನಮ್ಮದು ಉಡುತಡಿಯ ಪಕ್ಕ. ದೇವರನ್ನೇ ಗಂಡನೆಂದು ನಂಬಿ ಮನೆ ಬಿಟ್ಟು ನಡೆದ ತಾಯಿ ಹುಟ್ಟಿದ ನೆಲ ಎಂದು ಕೂಸುಗಳಿಗೂ ಗೊತ್ತು. ಇಲ್ಲಿ ಆ ಮಾತು ಹೇಳಿದರೆ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಅದು ನನಗೆ ಗೊತ್ತಿತ್ತೇ? ಬಾಯಿ ತೆರೆಯುವ ಮೊದಲೇ ಯೋಚಿಸಿದ್ದೆನೇ? ಇಲ್ಲ ಎಂದು ಬರೆಯಬೇಕು ಅನ್ನಿಸುತ್ತದೆ. ಆದರೆ ಆ ಮಾತು ತಡವರಿಸದೆ ಬಂತು — ಮೊದಲೇ ಹಾಸಿಟ್ಟ ಚಾಪೆಯ ಹಾಗೆ.

ಅಯ್ನೋರು ಕಣ್ಣು ಮುಚ್ಚಿ ಕೈ ಜೋಡಿಸಿದರು. ಮಾವನವರು ಕೂತಲ್ಲಿಂದ ಎದ್ದು ನಿಂತರು. ಮನೆಯ ಎಮ್ಮೆ ಸಗಣಿ ಬಾಚುವ ಹುಡುಗಿಗೆ, ಎದ್ದು ನಿಂತರು. ಸೋದರತ್ತೆ ತನ್ನ ಮಾತಿಗೆ ತಾನೇ ಹೆದರಿ ಗಲ್ಲ ಬಡಿದುಕೊಂಡಳು. ಗಿರಿಜ ಇದನ್ನೆಲ್ಲ ನೋಡಿ ಒಪ್ಪಿದರು ಎಂದುಕೊಂಡಳು; ತಲೆ ತಗ್ಗಿಸಿ ಒಳಗೆ ಓಡಿದಳು.

ರುದ್ರಪ್ಪ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತ ನನ್ನನ್ನು ನೋಡಿದ. “ನಾನು ಬೇರೆ ತಿಳ್ಕಂಡಿದ್ದೆ ಅಕ್ಕಾರೆ,” ಎಂದ.

ಆಗಲಾದರೂ ನಾನು ನಿಜ ಹೇಳಬಹುದಿತ್ತು. ಅಂಗಳ ದಾಟುವವರೆಗೂ ಹೇಳಬಹುದಿತ್ತು. ಅವನು ಕೈಚೀಲದಿಂದ ಒಂದು ಹೊಸ ಕುಪ್ಪಸ ತೆಗೆದು ಜಗಲಿಯ ಮೇಲಿಟ್ಟ, ಹಳದಿ ಬಣ್ಣದ್ದು. “ಇದು ಅವರ ಅಳತೆ. ಬ್ಯಾರೆಯೋರಿಗೆ ಆಗಲ್ಲ,” ಎಂದು ಹೇಳಿ ಹೊರಟುಹೋದ.

ಅಡಿಗೆಮನೆಯಲ್ಲಿ ಗಿರಿಜ ಕಾಯುತ್ತಿದ್ದಳು. ಅವಳಿಗೆ ನಾನು ಬೇರೆ ಸುಳ್ಳು ಹೇಳಬೇಕಾಯಿತು. ಬಾಗಿಲ ಕಡೆ ತೋರಿಸಿದೆ. ಕಿವಿ ಮುಟ್ಟಿಕೊಂಡೆ. ಕೈ ಆಡಿಸಿದೆ. ಅವನಿಗೆ ಬೇಡವಂತೆ — ನಿನ್ನ ಕಿವಿಗೆ.

ಅವಳು ಅಳಲಿಲ್ಲ. ಒಂದು ಸಲ ತನ್ನ ಕಿವಿ ಮುಟ್ಟಿ ನೋಡಿಕೊಂಡಳು, ಅಲ್ಲಿ ಇದೆಯೋ ಇಲ್ಲವೋ ಎಂಬಂತೆ. ಆಮೇಲೆ ಒರಳಿನಲ್ಲಿ ಅರ್ಧ ರುಬ್ಬಿದ್ದ ಖಾರವನ್ನು ಪೂರ್ತಿ ರುಬ್ಬಿದಳು. ಅವತ್ತಿನಿಂದ ಹೊರಗಿನವರು ಬಂದರೆ ಸೆರಗನ್ನು ಎರಡೂ ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದಳು.

ಯಾಕೆ ಹಾಗೆ ಮಾಡಿದೆ? ಮಗು ಚಿಕ್ಕದು, ಹೊಟ್ಟೆಯಲ್ಲಿ ಇನ್ನೊಂದು, ಅವಳು ಹೋದರೆ ಮನೆ ನಡೆಯದು — ಇದನ್ನು ಬಹಳ ವರ್ಷ ನನ್ನ ಹತ್ತಿರ ಇಟ್ಟುಕೊಂಡಿದ್ದೆ. ಸುಳ್ಳಲ್ಲ. ಆದರೆ ಅದಕ್ಕಿಂತ ಕೆಳಗೆ ಇನ್ನೊಂದಿತ್ತು. ನಾನಿಲ್ಲದೆ ಅವಳ ಮಾತು ತಿಳಿಯುವ ಒಬ್ಬ ಮನುಷ್ಯ ಸಿಕ್ಕಿದ್ದ. ಅದು ನನಗೆ ಆಗಲಿಲ್ಲ. ಆ ಜಗಲಿಯ ಪಕ್ಕ ಕೆಲಸವಿಲ್ಲದೆ ನಿಂತಿದ್ದೆನಲ್ಲ — ಅಲ್ಲೇ, ಕುಪ್ಪಸದ ಅಳತೆ ತೆಗೆಯುವಾಗಲೇ, ನಾನು ಇದನ್ನು ಶುರು ಮಾಡಿದ್ದೆನೋ ಏನೋ.

ಆ ಹಳದಿ ಕುಪ್ಪಸವನ್ನು ಬಿಚ್ಚಿ ಮಗನಿಗೆ ಕುಲಾವಿ ಮಾಡಿದೆ. ಬಟ್ಟೆ ಹಾಳಾಗಬಾರದು ಎಂದು. ಚಳಿಗಾಲ ಪೂರ್ತಿ ಅದನ್ನು ಅವನ ತಲೆಗೆ ಕಟ್ಟಿದವಳು ಗಿರಿಜಳೇ. ಗಲ್ಲದ ಕೆಳಗೆ ದಾರ ಬಿಗಿದು, ಕೂಸಿನ ಮೂಗು ಹಿಂಡಿ, ಚೆನ್ನಾಗಿದೆ ಎಂದು ನನಗೆ ಕೈಯಲ್ಲಿ ತೋರಿಸುತ್ತಿದ್ದಳು. ನಾನೂ ಹೂಂ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಆಗ ಏನೂ ಅನ್ನಿಸುತ್ತಿರಲಿಲ್ಲ.

ಅಯ್ನೋರು ಸುಮ್ಮನಿರಲಿಲ್ಲ. ಉಡುತಡಿಗೆ ಹೋದಲ್ಲಿ, ಶಿಕಾರಿಪುರದ ಸಂತೆಗೆ ಹೋದಲ್ಲಿ, ಎಲ್ಲ ಕಡೆ ಹೇಳಿದರು. ಹಿರಿಯ ಹೆಂಗಸರು ಬಂದು ಗಿರಿಜಳ ಹಣೆಯ ಕುಂಕುಮ ಒರೆಸಿ ವಿಭೂತಿ ಹಚ್ಚಿದರು. ಜಡೆಯ ಹೂವು ತೆಗೆದರು. ಬಿಳಿ ಸೀರೆ ಉಡಿಸಿದರು. ಅವಳು ನನ್ನ ಮುಖ ನೋಡಿದಳು — ಇದೇನು ಎಂದು. ಅವಳಿಗೆ ಗೊತ್ತಿದ್ದ ಬಿಳಿ ಸೀರೆ ಒಂದೇ, ಗಂಡ ಸತ್ತವರದ್ದು. ಯಾರು ಸತ್ತರು ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಅವಳು ಇನ್ನೊಂದು ಸಲ ಕೇಳಿದಳು. ನಾನು ನೀರು ತರುವ ನೆಪದಲ್ಲಿ ಎದ್ದು ಹೋದೆ.

ಸೋಮವಾರ ಸೋಮವಾರ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬರತೊಡಗಿದರು, ಗಿರಿಜಳನ್ನು ಅವ್ವ ಎಂದು ಕರೆದು ಅವಳ ಕೈ ತಲೆಯ ಮೇಲೆ ಇಡಿಸಲು. ಯಾಕೆ ಕೈ ಮುಗಿಯುತ್ತಾರೆ ಎಂದು ಕೇಳಿದಳು. ನೀನು ಒಳ್ಳೆಯವಳು ಅಂತ ಎಂದೆ. ನಕ್ಕುಬಿಟ್ಟಳು. ಕೂಸುಗಳೆಂದರೆ ಅವಳಿಗೆ ಜೀವ, ಹಾಗಾಗಿ ಬಂದವನ್ನೆಲ್ಲ ಎತ್ತಿಕೊಂಡಳು. ಆಮೇಲೆ ಯಾವ ಗಂಡೂ ಕೇಳಿಕೊಂಡು ಬರಲಿಲ್ಲ. ದೇವರ ಹೆಂಡತಿಯನ್ನು ಯಾರು ಕೇಳುತ್ತಾರೆ? ನನ್ನ ಮಕ್ಕಳು ಅವಳ ಕೈಯಲ್ಲಿ ಬೆಳೆದರು. ಅವಳ ತಲೆ ನರೆಯಿತು. ರುದ್ರಪ್ಪ ಬೇರೆ ಮದುವೆಯಾದ ಎಂದು ನಾದಿನಿ ಹೇಳಿದಳು. ಬಹಳ ವರ್ಷದ ಮೇಲೆ, ತೀರಿಕೊಂಡ ಎಂದೂ ಹೇಳಿದಳು. ಎರಡೂ ಸಲ ನಾನು ಅಕ್ಕಿ ಆರಿಸುತ್ತಿದ್ದೆ. ಎರಡೂ ಸಲ ಆರಿಸುತ್ತಲೇ ಇದ್ದೆ.

ಸುಮ ಬೆಳೆದು ರಜೆಗೆ ಊರಿಗೆ ಬಂದಾಗಲೆಲ್ಲ ಗಿರಿಜಳಿಗೆ ತನ್ನ ಶಾಲೆಯ ಕೈಮಾತು ಕಲಿಸಿದಳು. ಮೊದಮೊದಲು ಮುದುಕಿಗೇನು ಬರುತ್ತದೆ ಎಂದು ನಾನೇ ನಗುತ್ತಿದ್ದೆ. ಒಂದೆರಡು ರಜೆ ಕಳೆಯುವುದರಲ್ಲಿ ಇಬ್ಬರೂ ಹಿತ್ತಲಲ್ಲಿ ಕೂತು ಹೊತ್ತು ಮುಳುಗುವವರೆಗೂ ಹರಟುತ್ತಿದ್ದರು. ನನಗೆ ಅಲ್ಲೊಂದು ಇಲ್ಲೊಂದು ಹಿಡಿತಕ್ಕೆ ಸಿಗುತ್ತಿತ್ತು, ಉಳಿದದ್ದು ಇಲ್ಲ. ಅರವತ್ತು ತುಂಬಿದ ಮೇಲೆ ನನ್ನ ತಂಗಿ ವಾಚಾಳಿಯಾದಳು. ಇದು ನನಗೆ ಸಂತೋಷವೇ. ನಂಬಿ.

ಸುಮಳ ಮದುವೆ ಗೊತ್ತಾದ ಮಾರನೆಯ ದಿನ, ಗಿರಿಜ ಹೇಳಿದ್ದನ್ನು ಹಿಡಿದುಕೊಂಡು ಸುಮ ಬಂದು ತನ್ನ ಅರ್ಧ ಬಾಯಿ ಅರ್ಧ ಕೈಯಲ್ಲಿ ನನ್ನನ್ನು ಕೇಳಿದಳು. “ಅಜ್ಜಿ, ಚಿಕ್ಕಜ್ಜಿ ಬೇಡ ಅಂದ. ಕಿವಿ. ಯಾರು ಅವನು? ಕೆಟ್ಟವನು.”

ಸತ್ತ ಮನುಷ್ಯ. ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡ ಮನುಷ್ಯ. ನನ್ನ ಮನೆಯಲ್ಲಿ ಕೆಟ್ಟವನಾಗಿದ್ದ.

ನಿನ್ನೆ ಮಧ್ಯಾಹ್ನ ಗಿರಿಜಳ ಎದುರಿಗೆ ಕೂತೆ. ಪಕ್ಕದಲ್ಲಿ ಸುಮ ಸೊಪ್ಪು ಸೋಸುತ್ತಿದ್ದಳು. ಇರಲಿ ಎಂದು ಅವಳನ್ನು ಏಳಿಸಲಿಲ್ಲ. ಹೇಳಲು ಹೋದರೆ, ಸುಳ್ಳು ಎನ್ನುವುದಕ್ಕೆ ನಮ್ಮಿಬ್ಬರ ಕೈಮಾತಿನಲ್ಲಿ ಗುರುತೇ ಇರಲಿಲ್ಲ. ಯಾವತ್ತೂ ಬೇಕಾಗಿರಲಿಲ್ಲ. ಅದಕ್ಕೆ ಅವತ್ತಿನ ಎಲ್ಲರೂ ನಾನೇ ಆದೆ. ತುಟಿಯ ಮೇಲೆ ಬೆರಳುಗಳನ್ನು ಸೂಜಿಯ ಹಾಗೆ ಸಾಲಾಗಿಟ್ಟೆ — ಅವಳ ಮುಖ ತಕ್ಷಣ ಬದಲಾಯಿತು. ಮಾವನವರಾಗಿ ಸೊಂಟ ಕೆರೆದು ನನ್ನ ಕಡೆ ತಿರುಗಿದೆ. ಗಿರಿಜಳಾಗಿ ಕೊರಳ ಸುತ್ತ ಗೆರೆ ಎಳೆದು ಗಂಟು ಹಾಕಿದೆ. ಆಮೇಲೆ ನಾನಾದೆ. ನನ್ನ ಬಾಯಿ ತೋರಿಸಿ, ಗೆರೆ ಎಳೆದು, ಗಂಟು ಹಾಕದೆ, ಎದೆಯ ಮೇಲೆ ಕೈ ಇಟ್ಟೆ. ಬೇಡ ಅಂದವನು ಅವನಲ್ಲ. ಕಿವಿ ಅಲ್ಲ. ನಾನು.

ಅವಳಿಗೆ ತಿಳಿಯಿತೋ ಇಲ್ಲವೋ ಎಂದು ಮತ್ತೊಮ್ಮೆ ಶುರು ಮಾಡಿದೆ. ಅವಳು ನನ್ನ ಕೈ ಹಿಡಿದು ಕೆಳಗಿಟ್ಟಳು. ತಿಳಿದಿತ್ತು.

ಹೊಡೆಯಲಿ ಎಂದು ಕಾದೆ. ಆಮೇಲೆ ಅವಳು ಸುಮಳ ಕಡೆ ತಿರುಗಿದಳು. ತಿರುಗಿ, ಶಾಲೆಯ ಆ ಹೊಸ ಕೈಮಾತಿನಲ್ಲಿ, ಜೋರಾಗಿ, ತಡೆಯಿಲ್ಲದೆ ಹೇಳುತ್ತ ಹೋದಳು. ಸುಮಳ ಮಡಿಲಿನಿಂದ ಸೊಪ್ಪು ಜಾರಿತು. ನಾನು ಆ ಕೈಗಳನ್ನೇ ನೋಡಿದೆ. ಒಂದು ಮಾತೂ ಹಿಡಿತಕ್ಕೆ ಸಿಗಲಿಲ್ಲ.

“ಏನಂತಾಳೆ?” ಎಂದು ಕೇಳಿದೆ.

ಸುಮ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ.

“ನಿಂಗಲ್ಲ ಅಜ್ಜಿ,” ಎಂದಳು.

ಎದ್ದು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಕೆಳಗಿನ ಕೇರಿಯ ಹಾಲಮ್ಮ, ಜ್ವರ ಬಂದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಬಾಗಿಲಿಗೆ ಕಣ್ಣು ಹಾಯಿಸಿ, ತಗ್ಗಿದ ದನಿಯಲ್ಲಿ, “ಅವ್ವಾರು ಪೂಜೆಗೆ ಕುಂತಾರೇನ್ರೀ? ಒಂದೀಟು ಕೈ ಮುಟ್ಟಿಸ್ಬೇಕಿತ್ತು,” ಎಂದಳು.

“ಪೂಜೆ ಅಲ್ಲ ಕಣೆ. ಲಿಂಗಾನೇ ಗಂಡ ಅಂತ ಅವಳು ಯಾವತ್ತೂ ಹೇಳಿರ್ಲಿಲ್ಲ. ಹೇಳಿದ್ದು ನಾನು,” ಎಂದೆ. “ಕೂಸಿನ್ನ ಡಾಕ್ಟ್ರತ್ರ ಕರ್ಕಂಡು ಹೋಗು. ಅವಳೀಗ ಮಾತಾಡ್ತಿದಾಳೆ.”

ಹಾಲಮ್ಮನಿಗೆ ಅರ್ಥವಾಗಲಿಲ್ಲ. ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡು ನನ್ನ ಪಕ್ಕವೇ ನಿಂತಳು.

“ಏನ್ ಮಾತಾಡ್ತಿದಾರ್ರೀ?” ಎಂದಳು.

“ನಂಗೆ ಗೊತ್ತಿಲ್ಲ,” ಎಂದೆ.